ವೆಸ್ಟ್ ಆಕ್ಲೆಂಡ್: ಕಪ್ಪನ್ನು ಗಿರವಿಯಿಟ್ಟ ಗಣಿಯೂರಿನ ಫುಟ್‌ಬಾಲ್ ಕ್ಲಬ್ಬು

ಡಾರ್ಲಿಂಗ್ಟನ್‌ವಾಸಿ

ಮಿತ್ರರೇ, ಇಂಗ್ಲೆಂಡಿನ ಈಶಾನ್ಯ ಭಾಗದ ಡರ್ಹಮ್ ಕೌಂಟಿಯಲ್ಲಿ ನಾನು ನೆಲೆಸಿ ಕೆಲವು ವರ್ಷಗಳಾದವು. ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ ವೆಸ್ಟ್ ಆಕ್ಲೆಂಡ್ ಎಂಬ ಊರಿದೆ. ನಡುವೆ ಉದ್ದವಾದ ಹುಲ್ಲುಗಾವಲು, ಅದರ ಎರಡೂ ಬದಿಗೆ ಒಂದಕ್ಕೊಂದು ಅಂಟಿಕೊಂಡ ಮನೆಗಳು, ಒಂದೆರಡು ಮದ್ಯದಂಗಡಿಗಳು: ಇಷ್ಟೇ ಊರು. ಒಂದು ಕಾಲಕ್ಕೆ ಇದು ಕಲ್ಲಿದ್ದಲು ಗಣಿಯನ್ನೇ ನಂಬಿ ಬದುಕಿದ ಊರಾಗಿತ್ತು. ಈ ಊರಿನ ಫುಟ್‌ಬಾಲ್ ಕ್ಲಬ್ಬು ಹುಟ್ಟಿದ್ದು 1893ರಲ್ಲಿ. ಇಂಗ್ಲೆಂಡಿನಲ್ಲಿ ಮೇಲಿನ ನಾಲ್ಕು ವೃತ್ತಿಪರ ವಿಭಾಗಗಳನ್ನು ಬಿಟ್ಟು ಅವುಗಳ ಕೆಳಗೆ ಆಡುವ ಎಲ್ಲ ಕ್ಲಬ್ಬುಗಳನ್ನೂ ‘ನಾನ್-ಲೀಗ್’ ಎನ್ನುವುದು ವಾಡಿಕೆ. ವೆಸ್ಟ್ ಆಕ್ಲೆಂಡ್ ಟೌನ್ ಆಡುವ ನಾರ್ದರ್ನ್ ಲೀಗಿನ ಮೊದಲ ವಿಭಾಗವೇ ಮೇಲಿನಿಂದ ಒಂಬತ್ತನೆಯ ಮೆಟ್ಟಿಲು. ಆದರೂ ಈ ಲೀಗನ್ನು ಹಗುರವಾಗಿ ಕಾಣುವಂತಿಲ್ಲ, ಏಕೆಂದರೆ ಅದು 1889ರಷ್ಟು ಹಿಂದೆ, ವೃತ್ತಿಪರ ಕ್ಲಬ್ಬುಗಳ ಫುಟ್‌ಬಾಲ್ ಲೀಗ್ ಆರಂಭವಾದ ಮರುವರ್ಷವೇ ಸ್ಥಾಪನೆಯಾದದ್ದು.

ಈ ಊರಿನವರನ್ನು ಮಾತಿಗೆಳೆದರೆ ಎರಡನೆಯ ವಾಕ್ಯದಲ್ಲಿಯೇ ‘ಮೊದಲ ವಿಶ್ವಕಪ್ ಗೆದ್ದವರು ನಾವು’ ಎನ್ನುತ್ತಾರೆ. ಚಹಾ ವ್ಯಾಪಾರಿ ಸರ್ ಥಾಮಸ್ ಲಿಪ್ಟನ್ ಕೊಟ್ಟ ಬೆಳ್ಳಿ ಕಪ್ಪಿಗಾಗಿ 1909ರ ಏಪ್ರಿಲ್‌ನಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ನಾಲ್ಕು ತಂಡಗಳ ಪಂದ್ಯಾವಳಿ ನಡೆಯಿತು. ವೆಸ್ಟ್ ಆಕ್ಲೆಂಡಿನವರು ಮೊದಲು ಜರ್ಮನಿಯ ಸ್ಟುಟ್‌ಗಾರ್ಟ್ ಸ್ಪೋರ್ಟ್‌ಫ್ರಾಯಿಂಡೆ ತಂಡವನ್ನು, ಮರುದಿನ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ತಂಡವನ್ನು, ಎರಡು ಸಲವೂ 2-0 ಅಂತರದಲ್ಲಿ ಸೋಲಿಸಿದರು. 1911ರಲ್ಲಿ ಮತ್ತೆ ಹೋಗಿ ಜ್ಯೂರಿಕ್ ತಂಡವನ್ನು 2-0ರಿಂದಲೂ ಅಂತಿಮ ಪಂದ್ಯದಲ್ಲಿ ಯುವೆಂಟಸ್ ತಂಡವನ್ನು 6-1ರಿಂದಲೂ ಸೋಲಿಸಿದರು. ಸತತ ಎರಡು ಸಲ ಗೆದ್ದದ್ದರಿಂದ ಕಪ್ಪು ಅವರದೇ ಆಯಿತು.

ಇದನ್ನು ವಿಶ್ವಕಪ್ ಎನ್ನುವುದು ಎಷ್ಟು ಸರಿ? ಈ ಕ್ಲಬ್ಬಿನ ಇತಿಹಾಸದಲ್ಲಿ ನಾವು ನಿಜವಾಗಿ ಗಮನಿಸಬೇಕಾದದ್ದು ಈ ಗೆಲುವನ್ನೇ, ಅಥವಾ ಬೇರೆ ಏನಾದರೂ ಇದೆಯೇ? ಬಲ್ಲವರು ಬರೆಯಬೇಕೆಂದು ಕೋರುತ್ತೇನೆ.

ಲೆಫ್ಟ್ ಔಟ್

ವಿಶ್ವಕಪ್ ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಆದರೆ ಗೆಲುವನ್ನು ಅಲ್ಲಗಳೆಯುವುದೂ ಇಲ್ಲ. 1908ರಲ್ಲಿಯೇ ಟ್ಯೂರಿನ್‌ನಲ್ಲಿ ಇಂಥದೇ ಒಂದು ಅಂತರರಾಷ್ಟ್ರೀಯ ಪಂದ್ಯಾವಳಿ ನಡೆದಿತ್ತು ಮತ್ತು ಅದನ್ನು ಜಿನೀವಾದ ಸರ್ವೆಟ್ ತಂಡ ಗೆದ್ದಿತ್ತು. ಅದೇ ವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ದೇಶ ದೇಶಗಳ ನಡುವೆಯೇ ಫುಟ್‌ಬಾಲ್ ನಡೆದು, ಬ್ರಿಟನ್ನಿನ ಹವ್ಯಾಸಿ ತಂಡ ಡೆನ್ಮಾರ್ಕನ್ನು 2-0ರಿಂದ ಸೋಲಿಸಿ ಚಿನ್ನ ಪಡೆದಿತ್ತು. ಹೀಗಿರುವಾಗ ನಾಲ್ಕು ಕ್ಲಬ್ಬುಗಳ ಆಟಕ್ಕೆ ‘ಮೊದಲ’ ಮತ್ತು ‘ವಿಶ್ವ’ ಎಂಬ ಎರಡೂ ವಿಶೇಷಣಗಳು ಸಲ್ಲುವುದಿಲ್ಲ.

1911ರ ಯುವೆಂಟಸ್ ಎಂದರೆ ಇಂದಿನ ಜಗತ್ಪ್ರಸಿದ್ಧ ಯುವೆಂಟಸ್ ಅಲ್ಲ ಎಂಬುದನ್ನೂ ನೆನಪಿಡಬೇಕು. 1897ರಲ್ಲಿ ಶಾಲಾ ಹುಡುಗರು ಸೇರಿ ಕಟ್ಟಿದ ಆ ಕ್ಲಬ್ಬು ಆ ಹೊತ್ತಿಗೆ ಇಟಲಿಯ ಚಾಂಪಿಯನ್ ಆಗಿದ್ದದ್ದು 1905ರಲ್ಲಿ, ಒಂದೇ ಒಂದು ಸಲ. ಆದರೆ ವಿಂಟರ್‌ಥೂರ್ ಹಿಂದಿನ ವರ್ಷವಷ್ಟೇ ಸ್ವಿಸ್ ಚಾಂಪಿಯನ್ ಆಗಿದ್ದ ತಂಡ. ನನ್ನ ಮಟ್ಟಿಗೆ 1909ರ 2-0 ಗೆಲುವೇ 1911ರ 6-1ಕ್ಕಿಂತ ಹೆಚ್ಚು ತೂಕದ್ದು. ಎಲ್ಲರೂ ಯುವೆಂಟಸ್ ಹೆಸರನ್ನೇ ಹಿಡಿದು ಮೆರೆಸುತ್ತಾರೆ, ಅದು ಹೆಸರಿನ ಮಹಿಮೆ.

ಹಳೆಯ ಲೆಕ್ಕಿಗ

ಗಣಿಯವರ ಒಂದು ಊರ ತಂಡಕ್ಕೆ ಇಟಲಿಯಿಂದ ಕರೆ ಬಂದದ್ದಾದರೂ ಹೇಗೆ? ಆಹ್ವಾನ ಪತ್ರದಲ್ಲಿ ‘ಡಬ್ಲ್ಯೂ. ಎ.’ ಎಂಬ ಎರಡು ಅಕ್ಷರಗಳಷ್ಟೇ ಇದ್ದವೆಂದೂ, ಅದು ವುಲಿಚ್ ಆರ್ಸೆನಲ್ ತಂಡಕ್ಕೆ ಹೋಗಬೇಕಾಗಿದ್ದು ವೆಸ್ಟ್ ಆಕ್ಲೆಂಡಿಗೆ ಬಂತೆಂದೂ ಎಲ್ಲೋ ಓದಿದ ನೆನಪು. ಇದು ನಿಜವೇ?

ಲೆಫ್ಟ್ ಔಟ್

ಲೆಕ್ಕಿಗರೇ, ಅದು ಕೇಳಲು ಸೊಗಸಾದ ಕಥೆ, ಅಷ್ಟೇ. ವುಲಿಚ್ ಆರ್ಸೆನಲ್ ಆಗ ಫುಟ್‌ಬಾಲ್ ಲೀಗಿನ ಮೊದಲ ವಿಭಾಗದಲ್ಲಿದ್ದ ವೃತ್ತಿಪರ ಕ್ಲಬ್ಬು. ಏಪ್ರಿಲ್ ಎಂದರೆ ಲೀಗಿನ ಋತು ಇನ್ನೂ ಮುಗಿಯದ ಕಾಲ, ಅದರಲ್ಲೂ ಈಸ್ಟರ್ ವಾರಾಂತ್ಯದಲ್ಲಿ ಇಂಗ್ಲೆಂಡಿನ ಲೀಗ್ ಪಂದ್ಯಗಳು ಒಂದರ ಹಿಂದೊಂದು ನಡೆಯುತ್ತವೆ. ಅವುಗಳನ್ನು ಬಿಟ್ಟು ಅವರು ಟ್ಯೂರಿನ್ನಿಗೆ ಹೊರಡುವ ಪ್ರಶ್ನೆಯೇ ಬರುವುದಿಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ (ಎಫ್.ಎ.) ತನ್ನ ಕಡೆಯಿಂದ ತಂಡವನ್ನು ಕಳಿಸಲು ಮುಂದಾಗಲಿಲ್ಲ; ಆಮೇಲೆಯೇ ಹವ್ಯಾಸಿ ತಂಡವೊಂದನ್ನು ಹುಡುಕಿದ್ದು. ಲಿಪ್ಟನ್ ಕಂಪನಿಯ ನೌಕರನೊಬ್ಬನಿಗೆ ನಾರ್ದರ್ನ್ ಲೀಗಿನವರ ಪರಿಚಯವಿತ್ತು ಎಂಬ ಇನ್ನೊಂದು ಮಾತಿದೆ. ಅದು ಸಪ್ಪೆಯಾದ ವಿವರಣೆ. ಸಪ್ಪೆಯಾಗಿರುವುದರಿಂದಲೇ ನನಗೆ ಅದರ ಮೇಲೆ ಹೆಚ್ಚು ನಂಬಿಕೆ. 1982ರಲ್ಲಿ ಈ ಪ್ರಸಂಗದ ಮೇಲೆ ದೂರದರ್ಶನ ಚಿತ್ರವೊಂದು ಬಂದ ಮೇಲಂತೂ ಕಥೆಯನ್ನೂ ಚರಿತ್ರೆಯನ್ನೂ ಬೇರ್ಪಡಿಸುವುದು ಕಷ್ಟವಾಗಿದೆ.

ಲಿಪ್ಟನ್ನನಿಗೆ ಕಪ್ಪುಗಳನ್ನು ಕೊಡುವ ಹವ್ಯಾಸವೇ ಇತ್ತು. ಗ್ಲಾಸ್ಗೋ ನಗರದ ದಿನಸಿ ಅಂಗಡಿಯಿಂದ ಮೇಲೆ ಬಂದು, 1890ರಲ್ಲಿ ಸಿಲೋನಿನಲ್ಲಿ ಚಹಾ ತೋಟಗಳನ್ನು ಕೊಂಡವನು ಆತ. 1905ರಲ್ಲಿ ಅರ್ಜೆಂಟೀನಾ ಮತ್ತು ಉರುಗ್ವೆ ನಡುವಣ ಪಂದ್ಯಕ್ಕೂ ಒಂದು ಕಪ್ಪು ಕೊಟ್ಟಿದ್ದ. ತಾನು ಮಾತ್ರ ಅಮೆರಿಕಾಸ್ ಕಪ್ ಎಂಬ ಹಾಯಿದೋಣಿ ಸ್ಪರ್ಧೆಗೆ 1899ರಿಂದ 1930ರವರೆಗೆ ಐದು ಸಲ ಹೋಗಿ ಐದು ಸಲವೂ ಸೋತ. ಊರೂರಿಗೆ ಕಪ್ಪು ಹಂಚಿದವನಿಗೆ ತನಗೆ ಬೇಕಾದ ಕಪ್ಪು ಕೊನೆಗೂ ಸಿಗಲಿಲ್ಲ.

ಮಂಗಳೂರಿನ ಓದುಗಿ

ಲೆಫ್ಟ್ ಔಟ್ ಅವರು ಈಸ್ಟರ್ ಎಂದದ್ದನ್ನು ನೋಡಿ ಹಳೆಯ ಪಂಚಾಂಗವನ್ನು ತೆರೆದು ನೋಡಿದೆ. 1909ರಲ್ಲಿ ಈಸ್ಟರ್ ಭಾನುವಾರ ಬಿದ್ದದ್ದು ಏಪ್ರಿಲ್ 11ರಂದು, 1911ರಲ್ಲಿ ಏಪ್ರಿಲ್ 16ರಂದು. ವೆಸ್ಟ್ ಆಕ್ಲೆಂಡಿನವರು ಎರಡು ಪ್ರವಾಸಗಳಲ್ಲಿಯೂ ಮೊದಲ ಪಂದ್ಯವನ್ನು ಅದೇ ದಿನ, ಅಂತಿಮ ಪಂದ್ಯವನ್ನು ಮರುದಿನ ಸೋಮವಾರ ಆಡಿದ್ದಾರೆ. ನಮ್ಮ ಮನೆಯಲ್ಲಿ ಈಸ್ಟರ್ ದಿನ ಇಗರ್ಜಿಗೆ ಹೋಗಿ ಬಂದು, ಊಟ ಮುಗಿಸಿ, ಸಂಜೆ ಬಂಧುಗಳ ಮನೆಗೆ ಹೋಗುವ ರೂಢಿ. ಆ ದಿನ ಚೆಂಡು ಒದ್ದರೆ ನನ್ನ ಅಜ್ಜಿ ಸುಮ್ಮನಿರುತ್ತಿರಲಿಲ್ಲ. ಡರ್ಹಮ್‌ನ ಗಣಿಯೂರುಗಳಲ್ಲಿ ಭಾನುವಾರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಮೆಥಡಿಸ್ಟ್ ಎಂಬ ಪ್ರೊಟೆಸ್ಟೆಂಟ್ ಪಂಥದ ಪ್ರಾರ್ಥನಾಲಯಗಳ ಪ್ರಭಾವ ಬಲವಾಗಿತ್ತು ಎಂದು ಕೇಳಿದ್ದೇನೆ. ಅಂಥ ಊರಿನ ಹುಡುಗರು ಭಾನುವಾರ ಆಡಿದರೇ?

ಡಾರ್ಲಿಂಗ್ಟನ್‌ವಾಸಿ

ಮೇಡಂ, ಇದು ನನಗೆ ಹೊಳೆದೇ ಇರಲಿಲ್ಲ, ಧನ್ಯವಾದಗಳು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಭಾನುವಾರದ ಆಟಕ್ಕಿದ್ದ ನಿಷೇಧವನ್ನು ತೆಗೆದದ್ದು 1960ರಲ್ಲಿ. ಅಂದರೆ ಈ ತಂಡ ತನ್ನ ಊರಿನಲ್ಲಿ ಆಡಬಾರದ ದಿನದಂದು, ಅದೂ ಈಸ್ಟರ್ ಭಾನುವಾರವೇ, ಕ್ಯಾಥೊಲಿಕ್ ದೇಶವೊಂದಕ್ಕೆ ಹೋಗಿ ಆಡಿದೆ. ಗಣಿಗೆ ರಜೆಯ ಅನುಕೂಲ ಸಿಗುವುದೂ ಹಬ್ಬದ ಆಸುಪಾಸಿನಲ್ಲಿಯೇ ಆದ್ದರಿಂದ ಅವರಿಗೆ ಬೇರೆ ದಾರಿ ಇದ್ದಿರಲಾರದು ಎಂದು ನನ್ನ ಊಹೆ. ಹಡಗು ಮತ್ತು ರೈಲಿನಲ್ಲಿ ಹೋಗಿ ಬರುವುದಕ್ಕೆ ಎರಡು ದಿನದ ರಜೆ ಎಲ್ಲಿ ಸಾಕಾಗುತ್ತದೆ? ಉಳಿದ ದಿನಗಳ ಕೂಲಿ ಕೈಬಿಟ್ಟಂತೆಯೇ. ಹೊರಡುವ ಖರ್ಚಿಗಾಗಿ ಆಟಗಾರರು ತಮ್ಮ ಸಾಮಾನುಗಳನ್ನು ಒತ್ತೆಯಿಟ್ಟರೆಂದು ಊರಿನಲ್ಲಿ ಇಂದಿಗೂ ಹೇಳುತ್ತಾರೆ.

ಅದು ಎಂಥ ಕಾಲವೆಂಬುದಕ್ಕೆ ಒಂದು ಮಾತು ಸೇರಿಸುತ್ತೇನೆ. 1909ರ ಫೆಬ್ರವರಿ 16ರಂದು ಇದೇ ಕೌಂಟಿಯ ವೆಸ್ಟ್ ಸ್ಟ್ಯಾನ್ಲಿ ಗಣಿಯಲ್ಲಿ ಸ್ಫೋಟವಾಗಿ 168 ಮಂದಿ ಗಂಡಸರೂ ಹುಡುಗರೂ ಸತ್ತಿದ್ದರು. ಟ್ಯೂರಿನ್ ಪಂದ್ಯಕ್ಕೆ ಆಗ ಎರಡು ತಿಂಗಳೂ ಉಳಿದಿರಲಿಲ್ಲ.

ಚಾಂಪಿಯನ್ ರೀಫ್

ನಾನು ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿ ಬೆಳೆದವನು. ನಮ್ಮ ತಂದೆ ಪಾಳಿಯ ಲೆಕ್ಕದಲ್ಲಿ ನೆಲದೊಳಗೆ ಇಳಿದವರು. ಮೂರನೆಯ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದವರು ಸ್ನಾನ ಮಾಡಿ, ಎರಡು ತಾಸು ಮಲಗಿ, ಸಂಜೆ ಸೈನೈಡ್ ದಿಬ್ಬದ (ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ಗುಡ್ಡೆಯ) ಬದಿಯ ಮೈದಾನದಲ್ಲಿ ಆಡಲು ಹೋಗುತ್ತಿದ್ದರು. ಹಿಂತಿರುಗಿದಾಗ ಕಾಲಿನ ಬೂದು ಮಣ್ಣನ್ನು ಅಮ್ಮ ಹೊಸಿಲಿನಾಚೆಯೇ ತೊಳೆಸುತ್ತಿದ್ದಳು. ಡರ್ಹಮ್‌ನದು ಕಲ್ಲಿದ್ದಲು, ನಮ್ಮದು ಚಿನ್ನ. ನಮ್ಮಲ್ಲಿಗೆ ಬಂದ ಇಂಗ್ಲೆಂಡಿನವರಲ್ಲಿ ಹೆಚ್ಚಿನವರು ದೂರದ ಕಾರ್ನ್‌ವಾಲ್ ಕಡೆಯವರು. ಆದ್ದರಿಂದ ನೇರ ಸಂಬಂಧ ಹೇಳಲು ಹೊರಟಿಲ್ಲ.

ನನಗೆ ತಿಳಿಯಬೇಕಾದದ್ದು ಒಂದೇ. ನಮ್ಮ ತಂದೆಯ ಕಾಲದಲ್ಲಿ ಮೈದಾನ ಕಂಪನಿಯದು, ಚೆಂಡು ಕಂಪನಿಯದು, ಜೆರ್ಸಿಯೂ ಕಂಪನಿಯದು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದಾಗ ಅದೆಲ್ಲವನ್ನು ನೋಡಿಕೊಳ್ಳುವವರೇ ಇಲ್ಲವಾದರು. ವೆಸ್ಟ್ ಆಕ್ಲೆಂಡಿನ ಗಣಿಯೂ ಮುಚ್ಚಿದೆ. ಹಾಗಾದರೆ ಕ್ಲಬ್ಬು ಹೇಗೆ ಉಳಿಯಿತು? ಅದನ್ನು ನಡೆಸುತ್ತಿದ್ದವರು ಯಾರು?

ಡಾರ್ಲಿಂಗ್ಟನ್‌ವಾಸಿ

ಸರ್, ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ತಾವು ಕೇಳಿದಿರಿ. ಉತ್ತರ ಹೇಳಬೇಕಾದರೆ ಗೆದ್ದ ಕಪ್ಪಿನ ಆಮೇಲಿನ ಕಥೆಯನ್ನು ಹೇಳಬೇಕಾಗುತ್ತದೆ.

ಎರಡನೆಯ ಪ್ರವಾಸದಿಂದ ಹಿಂತಿರುಗಿದಾಗ ಕ್ಲಬ್ಬು ಸಾಲದಲ್ಲಿ ಮುಳುಗಿತ್ತು. ಊರಿನ ವೀಟ್‌ಶೀಫ್ ಹೋಟೆಲಿನ ಒಡತಿಯ ಬಳಿ ಕಪ್ಪನ್ನು ಒತ್ತೆಯಿಟ್ಟು 40 ಪೌಂಡ್ ಸಾಲ ಪಡೆದರು. ಯುವೆಂಟಸ್ಸಿನಿಂದ ಗೆದ್ದು ತಂದದ್ದು ಹೀಗೆ ಊರಿನ ಮದ್ಯದಂಗಡಿಯ ಪಾಲಾಯಿತು. ಸಾಲ ತೀರಲಿಲ್ಲ. ಒಡತಿ ಮುಂದೆ ಊರು ಬಿಟ್ಟು ಲಿವರ್‌ಪೂಲಿಗೆ ಹೋದಳು, ಕಪ್ಪೂ ಅವಳೊಡನೆ ಹೋಯಿತು. ಎರಡು ಮಹಾಯುದ್ಧಗಳು ಬಂದು ಹೋದವು. 1960ರಲ್ಲಿ ಊರಿನವರು ಅವಳನ್ನು ಪತ್ತೆಮಾಡಿ, 100 ಪೌಂಡ್ ಕೊಟ್ಟು ಕಪ್ಪನ್ನು ಬಿಡಿಸಿ ತಂದರು.

ಗಮನಿಸಿ, ಸಾಲ ಕೊಟ್ಟವಳು ಗಣಿಯ ಮಾಲೀಕಳಲ್ಲ, ಊರಿನ ಹೋಟೆಲಿನವಳು. ಬಿಡಿಸಿದವರೂ ಊರಿನವರೇ. ಗಣಿಗಾರರ ಕ್ಷೇಮನಿಧಿ ಎಂಬ ವ್ಯವಸ್ಥೆ, ಅಂದರೆ ತೆಗೆದ ಪ್ರತಿ ಟನ್ ಕಲ್ಲಿದ್ದಲಿಗೆ ಒಂದು ಪೆನ್ನಿಯಂತೆ ಎತ್ತಿ ಆಟದ ಮೈದಾನ, ವಾಚನಾಲಯ ಮೊದಲಾದವುಗಳಿಗೆ ಕೊಡುವ ಪದ್ಧತಿ, ಕಾನೂನಾಗಿ ಬಂದದ್ದು 1920ರಲ್ಲಿ. ಟ್ಯೂರಿನ್ನಿಗೆ ಹೋದವರ ಕಾಲದಲ್ಲಿ ಅದೂ ಇರಲಿಲ್ಲ. ಆಟಗಾರರು ಗಣಿಯ ಆಳುಗಳಾಗಿದ್ದರೂ ಈ ಸಾಲ ಮಾತ್ರ ಊರಿನ ತಲೆಯ ಮೇಲಿತ್ತು. ಕ್ಲಬ್ಬು ಗಣಿಗಿಂತ ಹೆಚ್ಚು ಬಾಳಿದ್ದಕ್ಕೆ ನನಗೆ ಕಾಣುವ ಕಾರಣ ಇದೇ. ಗೆಲುವಿನ ಕಥೆ ಎರಡು ಈಸ್ಟರ್ ಹಬ್ಬಗಳಲ್ಲಿ ಮುಗಿಯಿತು, ಸಾಲದ ಕಥೆ ಸುಮಾರು ಅರ್ಧ ಶತಮಾನ ನಡೆಯಿತು. ಕ್ಲಬ್ಬಿನ ಇತಿಹಾಸ ಬರೆಯುವವರು ಮೊದಲನೆಯದಕ್ಕೆ ಹತ್ತು ಪುಟ ಕೊಟ್ಟು ಎರಡನೆಯದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ ಎಂಬುದೇ ನನ್ನ ತಕರಾರು.

ಹಳೆಯ ಲೆಕ್ಕಿಗ

ಮೂವತ್ತು ವರ್ಷ ಬ್ಯಾಂಕಿನಲ್ಲಿ ಒಡವೆ ಸಾಲದ ಲೆಡ್ಜರ್ ನೋಡಿದವನಿಗೆ 40 ಮತ್ತು 100 ಎಂಬ ಎರಡು ಸಂಖ್ಯೆಗಳನ್ನು ನೋಡಿಯೂ ಸುಮ್ಮನೆ ಕೂರಲು ಆಗಲಿಲ್ಲ. 1911ರಿಂದ 1960ಕ್ಕೆ 49 ವರ್ಷ. ಅಸಲು 40, ಮೇಲೆ ಬಂದದ್ದು 60. ಸರಳ ಬಡ್ಡಿಯಲ್ಲಿ ವರ್ಷಕ್ಕೆ ಶೇಕಡಾ 3ರ ಆಸುಪಾಸು, ಚಕ್ರಬಡ್ಡಿಯಲ್ಲಿ ಶೇಕಡಾ 2ಕ್ಕಿಂತ ಕಡಿಮೆ. ನಮ್ಮ ಪೇಟೆಬೀದಿಯ ಗಿರವಿ ಅಂಗಡಿಯವರು ಈ ದರ ಕೇಳಿದರೆ ಅಂಗಡಿಗೆ ಬೀಗ ಹಾಕಿಕೊಂಡು ಹೋಗುತ್ತಾರೆ.

ಅಷ್ಟು ಮಾತ್ರವಲ್ಲ. ಆ 49 ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಬೆಲೆಗಳು ನಾಲ್ಕು ಪಟ್ಟಿಗೂ ಹೆಚ್ಚು ಏರಿದ್ದವು. ಆದ್ದರಿಂದ 1960ರ 100 ಪೌಂಡು 1911ರ 40 ಪೌಂಡಿಗೆ ಸಮನಾಗಲೇ ಇಲ್ಲ. 1911ರಲ್ಲಿ 40 ಪೌಂಡ್ ಎಂದರೆ ಕಲ್ಲಿದ್ದಲು ಕಡಿಯುವವನೊಬ್ಬನ ಹಲವು ತಿಂಗಳ ಕೂಲಿ. ಆ ಹೆಂಗಸು ಕಪ್ಪನ್ನು ಕರಗಿಸಿ ಬೆಳ್ಳಿಯ ಬೆಲೆಗೆ ಮಾರಬಹುದಾಗಿತ್ತು, ಅವಳು ಹಾಗೆ ಮಾಡಲಿಲ್ಲ. ಊರಿನ ಕಥೆಯಲ್ಲಿ ಅವಳನ್ನು ಕಪ್ಪು ಹೊತ್ತುಕೊಂಡು ಹೋದವಳೆಂದು ದೂರುವವರಿದ್ದರೆ ಈ ಲೆಕ್ಕವನ್ನು ಅವರ ಮುಂದೆ ಇಡಬಹುದು.

ಲೆಫ್ಟ್ ಔಟ್

ಲೆಕ್ಕಿಗರ ಲೆಕ್ಕಕ್ಕೆ ನಮಸ್ಕಾರ. ಆದರೆ ಚರ್ಚೆ ಬರೀ ಸಾಲದ ಕಡೆಗೆ ವಾಲುತ್ತಿರುವುದರಿಂದ ಆಟದ ಪರವಾಗಿ ಎರಡು ಮಾತು ಹೇಳಲೇಬೇಕು. ಕ್ಲಬ್ಬುಗಳು ಸಾಲವನ್ನು ತೀರಿಸಲಿಕ್ಕಾಗಿ ಬದುಕುವುದಿಲ್ಲ, ಆಡಲಿಕ್ಕಾಗಿ ಬದುಕುತ್ತವೆ.

ಕಪ್ಪು ಹಿಂತಿರುಗಿದ ಕಾಲವೇ ಈ ತಂಡದ ಅತ್ಯುತ್ತಮ ಕಾಲವೂ ಆಗಿತ್ತು. 1959-60 ಮತ್ತು 1960-61ರಲ್ಲಿ ಸತತವಾಗಿ ನಾರ್ದರ್ನ್ ಲೀಗ್ ಗೆದ್ದರು. 1961ರಲ್ಲಿ ಹವ್ಯಾಸಿಗಳ ಎಫ್.ಎ. ಅಮೆಚೂರ್ ಕಪ್ಪಿನ ಅಂತಿಮ ಪಂದ್ಯವನ್ನು ದೇಶದ ಮುಖ್ಯ ಕ್ರೀಡಾಂಗಣವಾದ ವೆಂಬ್ಲಿಯಲ್ಲಿ ಆಡಿ, ಲಂಡನ್ನಿನ ವಾಲ್ಥಮ್‌ಸ್ಟೋ ಅವೆನ್ಯೂ ತಂಡಕ್ಕೆ 2-1ರಿಂದ ಸೋತರು. ಆ ಸ್ಪರ್ಧೆಯಲ್ಲಿ ಡರ್ಹಮ್‌ನವರ ಪಾಲು ಎಷ್ಟಿತ್ತೆಂದರೆ ಪಕ್ಕದ ಬಿಷಪ್ ಆಕ್ಲೆಂಡ್ ಒಂದೇ ಹತ್ತು ಸಲ ಗೆದ್ದಿದೆ, 1955ರಿಂದ 1957ರವರೆಗಂತೂ ಸತತ ಮೂರು ಸಲ. ಕೆಲವೇ ಮೈಲಿ ಆಚೆಗಿನ ಕ್ರೂಕ್ ಟೌನ್ ಐದು ಸಲ ಗೆದ್ದಿದೆ. ಒಂದು ದಿನದಲ್ಲಿ ನಡೆದು ಮುಗಿಸಬಹುದಾದ ಸುತ್ತಳತೆಯೊಳಗೆ ಇಷ್ಟು ಕಪ್ಪುಗಳು! 1974ರಲ್ಲಿ ಹವ್ಯಾಸಿ ಮತ್ತು ವೃತ್ತಿಪರ ಎಂಬ ಭೇದವನ್ನೇ ತೆಗೆದುಹಾಕಿದಾಗ ಆ ಸ್ಪರ್ಧೆ ನಿಂತಿತು.

1909ರ ತಂಡದಲ್ಲಿ ಕ್ರೂಕ್‌ನಿಂದ ಎರವಲು ಬಂದ ಒಬ್ಬ ಆಟಗಾರನಿದ್ದ, ಜ್ಯಾಕ್ ಗ್ರೀನ್‌ವೆಲ್. ಗಣಿ ಕೆಲಸಗಾರ. 1912ರಲ್ಲಿ ಬಾರ್ಸಿಲೋನಾ ಕ್ಲಬ್ಬಿಗೆ ಆಡಲು ಹೋದವನು 1917ರಿಂದ ಅದೇ ಕ್ಲಬ್ಬಿನ ತರಬೇತುದಾರನಾದ. 1929ರಲ್ಲಿ ಎಸ್ಪಾನ್ಯೋಲ್ ತಂಡಕ್ಕೆ ಸ್ಪೇನಿನ ರಾಜರ ಕಪ್ಪನ್ನು, 1939ರಲ್ಲಿ ಪೆರು ದೇಶಕ್ಕೆ ದಕ್ಷಿಣ ಅಮೆರಿಕದ ಚಾಂಪಿಯನ್ ಪಟ್ಟವನ್ನು ಗೆಲ್ಲಿಸಿಕೊಟ್ಟ. ಡರ್ಹಮ್‌ನ ಗಣಿಯಿಂದ ಹೊರಟವನು 1942ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ತೀರಿಕೊಂಡ. ವಿಶ್ವ ಎಂಬ ಪದವನ್ನು ಯಾರಿಗಾದರೂ ಕೊಡಲೇಬೇಕಾದರೆ ಈತನಿಗೆ ಕೊಡಿ.

ಮಂಗಳೂರಿನ ಓದುಗಿ

ಆ ಕಪ್ಪು ಈಗ ಎಲ್ಲಿದೆ? ಡಾರ್ಲಿಂಗ್ಟನ್‌ವಾಸಿಯವರು ಕಣ್ಣಾರೆ ನೋಡಿದ್ದೀರಾ?

ಡಾರ್ಲಿಂಗ್ಟನ್‌ವಾಸಿ

ನೋಡಿದ್ದೇನೆ, ಆದರೆ ನೋಡಿದ್ದು ಪ್ರತಿಕೃತಿಯನ್ನು. ಅಸಲಿ ಕಪ್ಪನ್ನು ಊರಿನ ಕೆಲಸಗಾರರ ಕ್ಲಬ್ಬಿನಲ್ಲಿ ಇಟ್ಟಿದ್ದರು. 1994ರ ಜನವರಿಯಲ್ಲಿ ಅಲ್ಲಿಂದ ಕಳ್ಳತನವಾಯಿತು. ಮತ್ತೆ ಸಿಗಲಿಲ್ಲ. ಅದರಂತೆಯೇ ಇನ್ನೊಂದನ್ನು ಮಾಡಿಸಿ ಇಟ್ಟಿದ್ದಾರೆ. ಹುಲ್ಲುಗಾವಲಿನಲ್ಲಿ 2013ರಿಂದ ಒಂದು ಕಂಚಿನ ಶಿಲ್ಪವೂ ಇದೆ.

ಚಾಂಪಿಯನ್ ರೀಫ್

1994ರ ಜನವರಿ ಎಂದಿರಿ. ಡರ್ಹಮ್ ಕಲ್ಲಿದ್ದಲು ವಲಯದ ಕೊನೆಯ ಆಳದ ಗಣಿಯಾದ ವೇರ್‌ಮೌತ್ ಮುಚ್ಚಿದ್ದು 1993ರ ಡಿಸೆಂಬರ್ 10ರಂದು. ಗಣಿ ಹೋದ ಮರುತಿಂಗಳೇ ಕಪ್ಪೂ ಹೋಯಿತು. ಓದಿದಾಗ ಕೈ ಸ್ವಲ್ಪ ತಣ್ಣಗಾಯಿತು.

ಹಳೆಯ ಲೆಕ್ಕಿಗ

ಸರ್, ತಮ್ಮ ಭಾವನೆ ಅರ್ಥವಾಗುತ್ತದೆ. ಆದರೆ ವೇರ್‌ಮೌತ್ ಇರುವುದು ಸಮುದ್ರದ ದಡದ ಸಂಡರ್ಲೆಂಡಿನಲ್ಲಿ. ವೆಸ್ಟ್ ಆಕ್ಲೆಂಡ್ ಇರುವುದು ಕೌಂಟಿಯ ಒಳನಾಡಿನಲ್ಲಿ. ಈ ಕಡೆಯ ಗಣಿಗಳು 1960ರ ದಶಕದಲ್ಲಿಯೇ ಬಹುಪಾಲು ಮುಚ್ಚಿಹೋಗಿದ್ದವು. ಕಳ್ಳನಿಗೆ ಬೇಕಾಗಿದ್ದದ್ದು ಬೆಳ್ಳಿ, ಅವನಿಗೆ ಇತಿಹಾಸದ ಉಸಾಬರಿ ಇದ್ದಿರಲಾರದು.

ಚಾಂಪಿಯನ್ ರೀಫ್

ಒಪ್ಪಿದೆ. ನನ್ನ ಪ್ರಶ್ನೆಯ ಉಳಿದರ್ಧಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ. ಈಗ ನಡೆಸುತ್ತಿರುವವರು ಯಾರು, ಹೇಗೆ?

ಡಾರ್ಲಿಂಗ್ಟನ್‌ವಾಸಿ

ಅಧಿಕೃತ ಲೆಕ್ಕಪತ್ರ ನನ್ನ ಬಳಿಯಿಲ್ಲ, ಕಂಡದ್ದನ್ನು ಹೇಳುತ್ತೇನೆ. ಕಳೆದ ನವೆಂಬರ್‌ನ ಒಂದು ಶನಿವಾರ ಡಾರ್ಲಿಂಗ್ಟನ್ ರಸ್ತೆಯಲ್ಲಿರುವ ಅವರ ಮೈದಾನಕ್ಕೆ ಹೋಗಿದ್ದೆ. ಬಾಗಿಲಲ್ಲಿ ಟಿಕೆಟ್ ಹರಿದುಕೊಟ್ಟ ಹಿರಿಯರೇ ಅರ್ಧ ಗಂಟೆಯ ನಂತರ ಲಾಟರಿ ಚೀಟಿಗಳನ್ನು ಹಿಡಿದು ಸುತ್ತು ಬಂದರು, ಆಟ ಮುಗಿದ ಮೇಲೆ ನೋಡಿದರೆ ಮೂಲೆಯ ಬಾವುಟದ ಕೋಲುಗಳನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದವರೂ ಅವರೇ. ಕಬ್ಬಿಣದ ಕಂಬಿಗೆ ಒರಗಿ ನಿಂತರೆ ಗೋಲ್‌ಕೀಪರ್ ತನ್ನ ಬ್ಯಾಕ್‌ಗಳನ್ನು ಬೈಯುವ ಒಂದೊಂದು ಮಾತೂ ಕೇಳಿಸುತ್ತದೆ. ಕಾಗದದ ಲೋಟದಲ್ಲಿ ಕೊಟ್ಟ ಚಹಾ ಕೈ ಬೆಚ್ಚಗಾಗುವ ಮೊದಲೇ ಗಾಳಿಗೆ ಆರಿಹೋಯಿತು. ಅದು ಲಿಪ್ಟನ್ ಚಹಾವೇ ಎಂದು ಕೇಳಿದೆ. ಬಡಿಸುತ್ತಿದ್ದ ಹೆಂಗಸು ನಕ್ಕು, ‘ಪ್ರತಿ ಹೊಸಬನೂ ಇದನ್ನೇ ಕೇಳುತ್ತಾನೆ’ ಎಂದರು.

ಇಂಥ ಕ್ಲಬ್ಬು 2012 ಮತ್ತು 2014ರಲ್ಲಿ, ಸಣ್ಣ ಕ್ಲಬ್ಬುಗಳಿಗೆಂದೇ ಇರುವ ಎಫ್.ಎ. ವೇಸ್ ಸ್ಪರ್ಧೆಯ ಅಂತಿಮ ಪಂದ್ಯಕ್ಕೆ ಎರಡು ಸಲ ವೆಂಬ್ಲಿಗೆ ಹೋಯಿತು. ಮೊದಲ ಸಲ ಡನ್‌ಸ್ಟನ್ ತಂಡಕ್ಕೆ 2-0ರಿಂದ, ಎರಡನೆಯ ಸಲ ಶೋಲಿಂಗ್ ತಂಡಕ್ಕೆ 1-0ರಿಂದ ಸೋತಿತು. 1961ರದನ್ನೂ ಸೇರಿಸಿದರೆ ವೆಂಬ್ಲಿಯಲ್ಲಿ ಮೂರು ಅಂತಿಮ ಪಂದ್ಯ, ಮೂರು ಸೋಲು.

ಲೆಫ್ಟ್ ಔಟ್

ಸೋಲಿನ ಪಟ್ಟಿಗೆ ಇನ್ನೊಂದನ್ನು ಸೇರಿಸಿಕೊಳ್ಳಿ. ಶತಮಾನೋತ್ಸವಕ್ಕೆಂದು 2009ರಲ್ಲಿ ಮತ್ತೆ ಟ್ಯೂರಿನ್ನಿಗೆ ಹೋದಾಗ ಯುವೆಂಟಸ್ಸಿನ ಕಿರಿಯರ ತಂಡ ಇವರನ್ನು 7-1ರಿಂದ ಸೋಲಿಸಿತು. 1911ರ 6-1ಕ್ಕೆ ಬಡ್ಡಿಯಾಗಿ ಒಂದು ಗೋಲು.

ಹಳೆಯ ಲೆಕ್ಕಿಗ

98 ವರ್ಷಕ್ಕೆ ಆರು ಗೋಲಿನ ಮೇಲೆ ಒಂದು ಗೋಲು. ಹೋಟೆಲಿನ ಒಡತಿಗಿಂತ ಇದು ಇನ್ನೂ ಅಗ್ಗ.